ಮಡಚುವ ಚಾಕುವಿಗೆ ಮನೆಯಲ್ಲೇ ಹೊಸ ಹಿಡಿ: ಯಾವ ಚಾಕು, ಯಾವ ಕಟ್ಟಿಗೆ, ಯಾವ ಎಣ್ಣೆ?

ನನ್ನ ಜೇಬಿನಲ್ಲಿರುವ ಮಡಚುವ ಚಾಕುವಿನ ಹಿಡಿ ಒಂದು ಕಾಲಕ್ಕೆ ಎತ್ತಿನ ಬಂಡಿಯ ಗಾಲಿಯಾಗಿತ್ತು. ಜೇವರ್ಗಿ ಕಡೆಯ ನಮ್ಮ ಹಳ್ಳಿಮನೆಯ ಕೊಟ್ಟಿಗೆಯಲ್ಲಿ ಆ ಗಾಲಿ ಮುರಿದು ಬಿದ್ದು ಎಷ್ಟೋ ವರ್ಷ ಆಗಿತ್ತು. ಕರಿಜಾಲಿ ಕಟ್ಟಿಗೆ. ಅದರಿಂದ ಒಂದು ತುಂಡು ಕೊಯ್ಯಲು ಕೂತಾಗ ಕಾಕಾ "ಬಿಡು ತಮ್ಮಾ, ಒಲಿಗಾದ್ರೂ ಆಗ್ತದ" ಅಂದಿದ್ದರು. ಅಂಗೈಯಷ್ಟು ತುಂಡನ್ನು ಕಲಬುರಗಿಗೆ ತಂದೆ. ಈಗ ಕಾಕಾ ಮನೆಗೆ ಬಂದಾಗಲೆಲ್ಲ ಆ ಚಾಕು ಕೇಳಿ ಇಸಿದುಕೊಳ್ಳುತ್ತಾರೆ. ಹಿಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಆಮೇಲೆ ಮಾವಿನಹಣ್ಣು ಹೆಚ್ಚುತ್ತಾರೆ.

ಅದನ್ನು ನೋಡಿದ ಗೆಳೆಯರು ಕೇಳುವ ಪ್ರಶ್ನೆ ಒಂದೇ. ನಾನೂ ಒಂದು ಚಾಕು ತಗೊಂಡಿದ್ದೇನೆ, ಅದಕ್ಕೆ ಏನು ಮಾಡಿಸಲಿ? ಮಾಡಿಸುವುದೇನೂ ಬೇಡ, ಮನೆಯಲ್ಲೇ ಮಾಡಬಹುದು. ಆದರೆ ಎಲ್ಲ ಚಾಕುವಿಗೂ ಎಲ್ಲವೂ ಒಗ್ಗುವುದಿಲ್ಲ. ನನ್ನ ಅನುಭವದಲ್ಲಿ ಹಿಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಬಹುದು. ಅಲಗಿಗೆ ಸ್ವಲ್ಪ ಮಾತ್ರ ಕೈ ಹಾಕಬಹುದು. ತೆರೆದ ಅಲಗು ಮಡಚದಂತೆ ಹಿಡಿಯುವ ಲಾಕ್‌ಗೆ ಮಾತ್ರ ಕೈ ಹಾಕಲೇಬಾರದು. ಆ ಕೊನೆಯ ಮಾತನ್ನು ನಾನು ನೋವು ತಿಂದು ಕಲಿತೆ. ಅದನ್ನು ಮುಂದೆ ಹೇಳುತ್ತೇನೆ.

ಕೈಯಲ್ಲಿರುವ ಚಾಕು ಯಾವ ಜಾತಿಯದು?

ಚಾಕುವಿನ ಹಿಡಿ ಹೇಗೆ ಕೂತಿದೆ ಅನ್ನುವುದನ್ನು ಮೊದಲು ನೋಡಿ. ಸ್ಕ್ರೂ ಇದೆಯೋ, ರಿವೆಟ್ ಇದೆಯೋ, ಒತ್ತಿ ಕೂಡಿಸಿದ್ದೋ, ಇಡೀ ಹಿಡಿ ಒಂದೇ ಕಟ್ಟಿಗೆಯದೋ. ಉಳಿದ ಎಲ್ಲ ಆಯ್ಕೆಗಳೂ ಇದರ ಮೇಲೇ ನಿಂತಿವೆ.

ಸ್ಕ್ರೂ ಹಾಕಿದ ಚಾಕು ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು. ಆನ್‌ಲೈನ್‌ನಲ್ಲಿ ಸಿಗುವ ಗಾಂಜೋ ಥರದ ಚೀನಾ ಚಾಕುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಇವುಗಳ ಸ್ಕ್ರೂ ತಲೆಯಲ್ಲಿ ಆರು ಮೂಲೆಯ ನಕ್ಷತ್ರದ ಗುಳಿ ಇರುತ್ತದೆ. ಅದಕ್ಕೆ ಟಾರ್ಕ್ಸ್ ಅನ್ನುತ್ತಾರೆ. ಪಕ್ಕದ ಸಣ್ಣ ಸ್ಕ್ರೂಗೆ ಸಾಮಾನ್ಯವಾಗಿ ಟಿ6, ಅಲಗು ತಿರುಗುವ ಕೀಲಿನ ದೊಡ್ಡ ಸ್ಕ್ರೂಗೆ ಟಿ8 ಅಳತೆಯದು ಬೇಕು. ಮೊಬೈಲ್ ರಿಪೇರಿ ಮಾಡುವವರ ಬಳಿ ಇಂಥ ಸ್ಕ್ರೂಡ್ರೈವರ್ ಸೆಟ್ ಇರುತ್ತದೆ, ಒಂದು ನೀವೂ ತಗೊಳ್ಳಿ. ಸಾದಾ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿದರೆ ಗುಳಿ ಸವೆದು ಹೋಗುತ್ತದೆ, ಮತ್ತೆ ಬಿಚ್ಚಲು ಬರುವುದಿಲ್ಲ. ಕೆಲವು ಸ್ಕ್ರೂಗಳಿಗೆ ಕಾರ್ಖಾನೆಯಲ್ಲೇ ಅಂಟು ಹಾಕಿರುತ್ತಾರೆ. ಬಿಗಿಯಾಗಿದ್ದರೆ ಬಲ ಹಾಕಬೇಡಿ. ಸೋಲ್ಡರಿಂಗ್ ಕಡ್ಡಿಯನ್ನು ಸ್ಕ್ರೂ ತಲೆಗೆ ಅರ್ಧ ನಿಮಿಷ ಹಿಡಿಯಿರಿ. ಅಂಟು ಮೆತ್ತಗಾಗಿ ಸಲೀಸಾಗಿ ಬರುತ್ತದೆ.

ಇಂಥ ಚಾಕುವಿನಲ್ಲಿ ಹಿಡಿಯ ಎರಡು ಬದಿಗೆ ಒಂದೊಂದು ಪಟ್ಟಿ ಇರುತ್ತದೆ. ಬಿಚ್ಚಿದ ಹಳೆ ಪಟ್ಟಿಯೇ ನಿಮ್ಮ ನಕ್ಷೆ. ಅದನ್ನು ಎರಡು ಬದಿ ಅಂಟಿನ ಟೇಪ್‌ನಿಂದ ಹೊಸ ಕಟ್ಟಿಗೆ ಹಲಗೆಯ ಮೇಲೆ ಅಂಟಿಸಿ, ಸುತ್ತ ಗೆರೆ ಎಳೆದು, ಅದರ ತೂತುಗಳ ಮೂಲಕವೇ ಡ್ರಿಲ್ ಹೊಡೆಯಬಹುದು. ಕೆಟ್ಟರೂ ಚಿಂತೆಯಿಲ್ಲ, ಹಳೆ ಪಟ್ಟಿ ಮತ್ತೆ ಹಾಕಿಕೊಂಡರಾಯಿತು.

ಒಪಿನೆಲ್ ಬೇರೆ ಥರ. ಫ್ರಾನ್ಸಿನ ಸವೊಯ್ ಬೆಟ್ಟಗಳ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು ಇದು. ಇಡೀ ಹಿಡಿ ಒಂದೇ ಕಟ್ಟಿಗೆಯದು, ಹೆಚ್ಚಾಗಿ ಬೀಚ್ ಮರದ್ದು. 1955ರಲ್ಲಿ ಕುತ್ತಿಗೆಯ ಹತ್ತಿರ ತಿರುಗಿಸುವ ಉಂಗುರ ಸೇರಿತು. ಅದನ್ನು ತಿರುಗಿಸಿದರೆ ಅಲಗು ಮಡಚುವುದಿಲ್ಲ. 8ನೇ ನಂಬರಿನ ಅಲಗು 8.5 ಸೆಂಟಿಮೀಟರ್, ಜೇಬಿಗೆ ಸರಿಯಾದ ಅಳತೆ. ಇದರಲ್ಲಿ ಹಿಡಿ ಬದಲಿಸುವುದು ಕಷ್ಟ, ಆದರೆ ಇರುವ ಹಿಡಿಯನ್ನು ಕೆತ್ತುವುದು ತುಂಬಾ ಸುಲಭ. ಉಂಗುರವನ್ನು ಪಕ್ಕಡದಿಂದ ಮೆಲ್ಲಗೆ ಅಗಲಿಸಿ ತೆಗೆಯಿರಿ. ಒಳಗಿನ ಪಿನ್ ಮುಟ್ಟಬೇಡಿ. ಅರ ಮತ್ತು ಪಾಲಿಶ್ ಪೇಪರ್ ಇದ್ದರೆ ಸಾಕು, ಒಂದು ಮಧ್ಯಾಹ್ನದಲ್ಲಿ ನಿಮ್ಮ ಕೈಗೆ ಹೊಂದುವ ಆಕಾರ ಬರುತ್ತದೆ. ಅಲಗು ಕೂರುವ ಸೀಳಿನ ಎರಡೂ ಬದಿಯ ಗೋಡೆ ಮಾತ್ರ 3 ಮಿಲಿಮೀಟರ್‌ಗಿಂತ ತೆಳ್ಳಗಾಗಬಾರದು. ತೆಳ್ಳಗಾದರೆ ಸೀಳುತ್ತದೆ.

ಒಪಿನೆಲ್‌ನ ಒಂದು ತೊಂದರೆ ನಮ್ಮ ಊರಿನವರಿಗೆ ಮೊದಲ ವರ್ಷದಲ್ಲೇ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಚೆನ್ನಾಗಿ ತೆರೆಯುತ್ತಿದ್ದ ಚಾಕು ಆಗಸ್ಟ್‌ನಲ್ಲಿ ಬಿಗಿದುಕೊಳ್ಳುತ್ತದೆ. ಕಟ್ಟಿಗೆ ತೇವ ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ. ಫ್ರಾನ್ಸಿನವರು ಹಿಡಿಯ ಹಿಂಭಾಗವನ್ನು ಮೇಜಿಗೆ ಟಪ್ಪನೆ ಬಡಿದು ಅಲಗನ್ನು ಹೊರಗೆ ಎಬ್ಬಿಸುತ್ತಾರೆ. ನಾವೂ ಹಾಗೇ ಮಾಡಬಹುದು. ಎಣ್ಣೆ ಸರಿಯಾಗಿ ಕುಡಿಸಿದರೆ ಅದರ ಅಗತ್ಯ ಕಡಿಮೆಯಾಗುತ್ತದೆ.

ವಿಕ್ಟೋರಿನಾಕ್ಸ್‌ನ ಕೆಂಪು ಸ್ವಿಸ್ ಚಾಕುವಿನಲ್ಲಿ ಪಟ್ಟಿಗಳನ್ನು ಒಳಗಿನ ಪಿನ್ ತಲೆಗಳ ಮೇಲೆ ಒತ್ತಿ ಕೂಡಿಸಿರುತ್ತಾರೆ. ತೆಳ್ಳನೆಯ ಅಲಗು ತೂರಿಸಿ ಎಬ್ಬಿಸಿದರೆ ಬರುತ್ತವೆ. 91 ಮಿಲಿಮೀಟರ್‌ನ ಚಾಕುವಿಗೆ ಕಟ್ಟಿಗೆ ಪಟ್ಟಿ ಮಾಡಬೇಕಾದರೆ ಒಳಮೈಯಲ್ಲಿ ಪಿನ್ ತಲೆಗೆ ಗುಳಿ ತೋಡಬೇಕು. ಹಲ್ಲುಕಡ್ಡಿ ಮತ್ತು ಚಿಮಟಕ್ಕೆ ಸಂದು ಬೇರೆ ಬೇಕು. ಆ ಸಂದು ತೋಡುವುದು ತಾಳ್ಮೆಯ ಕೆಲಸ. ಎರಡನೆಯ ಅಥವಾ ಮೂರನೆಯ ಚಾಕುವಿಗೆ ಇಟ್ಟುಕೊಳ್ಳಿ.

ಇನ್ನು ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ರಿವೆಟ್ ಹೊಡೆದ ಮಡಚುವ ಚಾಕು. ಶರಣಬಸವೇಶ್ವರ ಜಾತ್ರೆಯಲ್ಲಿ ನಾನು ಒಂದು ತಗೊಂಡಿದ್ದೆ. ಸಾದಾ ಉಕ್ಕು, ಸಾಣೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಹಿಡಿ ಬದಲಿಸಬೇಕಾದರೆ ರಿವೆಟ್ ತಲೆಯನ್ನು ಅರದಿಂದ ಉಜ್ಜಿ ತೆಗೆದು, ಮೊಳೆಯಿಂದ ಹೊರಗೆ ದೂಡಬೇಕು. ಮತ್ತೆ ಜೋಡಿಸುವಾಗ ಕೀಲಿನ ರಿವೆಟ್ ಜಾಸ್ತಿ ಬಡಿದರೆ ಅಲಗು ಅಲುಗಾಡುವುದೇ ಇಲ್ಲ, ಕಡಿಮೆ ಬಡಿದರೆ ಗಡಗಡ ಅನ್ನುತ್ತದೆ. ಇದಕ್ಕೊಂದು ಉಪಾಯ ಇದೆ. ಬಡಿಯುವ ಮುಂಚೆ ಅಲಗಿಗೂ ಪಕ್ಕದ ತಗಡಿಗೂ ನಡುವೆ ಎಣ್ಣೆ ಸವರಿದ ಕಾಗದದ ಚೂರು ಇಡಿ. ಬಡಿದಾದ ಮೇಲೆ ಎಳೆದು ತೆಗೆಯಿರಿ. ಕಾಗದದ ದಪ್ಪದಷ್ಟೇ ಜಾಗ ಉಳಿಯುತ್ತದೆ, ಅಲಗು ಹದವಾಗಿ ತಿರುಗುತ್ತದೆ.

ಯಾವ ಚಾಕುವೇ ಆಗಲಿ, ಕೆಲಸಕ್ಕೆ ಕೂರುವ ಮೊದಲು ಅಲಗಿಗೆ ದಪ್ಪನೆಯ ಟೇಪ್ ಸುತ್ತಿ. ಬಿಚ್ಚಿದ ಪ್ರತಿ ಹಂತದ ಫೋಟೋ ತೆಗೆದಿಡಿ. ಕೀಲಿನ ಸಣ್ಣ ವಾಷರ್ ಯಾವ ಕಡೆ ಇತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ.

ಹಿಡಿಗೆ ಏನು ಹಾಕಬೇಕು?

ಇಲ್ಲಿ ಆಯ್ಕೆಗಳು ಜಾಸ್ತಿ, ಅದಕ್ಕೇ ಜನ ಗಲಿಬಿಲಿಗೊಳ್ಳುತ್ತಾರೆ. ನಾನು ಒಂದೇ ಮಾತು ಕೇಳುತ್ತೇನೆ. ಆ ವಸ್ತು ಕಲಬುರಗಿಯ ಬೇಸಿಗೆಯನ್ನೂ ಮಳೆಗಾಲವನ್ನೂ ತಾಳುತ್ತದಾ? ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿಗೆ ಏರುವ ಊರು ನಮ್ಮದು. ಆಗ ಕಟ್ಟಿಗೆಯಲ್ಲಿದ್ದ ತೇವ ಎಲ್ಲ ಆರುತ್ತದೆ. ಜುಲೈ ಬಂದರೆ ಮತ್ತೆ ತೇವ ಹೀರುತ್ತದೆ. ಈ ಎಳೆದಾಟದಲ್ಲಿ ಹಸಿ ಕಟ್ಟಿಗೆ ಸೊಟ್ಟಗಾಗುತ್ತದೆ, ಸೀಳುತ್ತದೆ.

ನನ್ನ ಮೊದಲ ಹಿಡಿ ಬೇವಿನದು. ಮನೆ ಮುಂದಿನ ಮರದ ಕೊಂಬೆ ಕಡಿದು ಒಂದೇ ವಾರದಲ್ಲಿ ಪಟ್ಟಿ ಮಾಡಿ ಹಾಕಿದೆ. ತಿಂಗಳೊಳಗೆ ಎರಡೂ ಪಟ್ಟಿ ಬಾಳೆಲೆಯ ಹಾಗೆ ಮುದುರಿ, ಸ್ಕ್ರೂ ಸುತ್ತ ಬಿರುಕು ಬಿಟ್ಟಿತು. ತಪ್ಪು ಬೇವಿನದಲ್ಲ. ಚೆನ್ನಾಗಿ ಒಣಗಿದ ಬೇವು ಒಳ್ಳೆಯ ಕಟ್ಟಿಗೆ, ಹುಳ ಹತ್ತುವುದು ಕಡಿಮೆ. ಎಳೆ ಮಾತ್ರ ಅಡ್ಡಾದಿಡ್ಡಿ, ನುಣುಪು ಮಾಡಲು ಹೆಚ್ಚು ಹೊತ್ತು ಬೇಕು. ಹಸಿಯಾಗಿ ಬಳಸಿದ್ದು ನನ್ನ ಅವಸರ.

ಅಲ್ಲಿಂದ ನಾನು ಹಳೆ ಕಟ್ಟಿಗೆ ಹುಡುಕಲು ಶುರುಮಾಡಿದೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅದಕ್ಕೆ ಬರವಿಲ್ಲ. ಮುರಿದ ಬಂಡಿಯ ಗಾಲಿ, ಹಳೆ ಕುಂಟೆ, ಸವೆದ ಒನಕೆ, ಕಿತ್ತುಹಾಕಿದ ಬಾಗಿಲ ಚೌಕಟ್ಟು. ಇವೆಲ್ಲ ಹತ್ತಾರು ಬೇಸಿಗೆ, ಹತ್ತಾರು ಮಳೆಗಾಲ ನೋಡಿದ ಕಟ್ಟಿಗೆಗಳು. ಸೊಟ್ಟಗಾಗುವುದು ಏನಿದ್ದರೂ ಆಗಲೇ ಆಗಿ ಮುಗಿದಿರುತ್ತದೆ.

ಇವುಗಳಲ್ಲಿ ನನ್ನ ಮೊದಲ ಆಯ್ಕೆ ಕರಿಜಾಲಿ. ಗಟ್ಟಿ, ಭಾರ, ಪೆಟ್ಟು ತಾಳುತ್ತದೆ. ಅದಕ್ಕೇ ಗಾಲಿಗೂ ಬೇಸಾಯದ ಸಾಮಾನಿಗೂ ಬಳಸುತ್ತಿದ್ದರು. ಬಣ್ಣ ಕೆಂಪು ಕಂದು. ಜಾಲಿಯಲ್ಲಿ ಇನ್ನೊಂದು ಗುಣ ಇದೆ, ಅದರಲ್ಲಿ ಒಗರು ಜಾಸ್ತಿ. ಜಾಲಿ ತೊಗಟೆಯಿಂದ ಚರ್ಮ ಹದ ಮಾಡುವುದು ಇದೇ ಕಾರಣಕ್ಕೆ. ಆ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರಿನ ಚೂರನ್ನು ವಿನೆಗರ್‌ನಲ್ಲಿ ಎರಡು ಮೂರು ದಿನ ನೆನೆಸಿ, ಆ ನೀರನ್ನು ಜಾಲಿ ಹಿಡಿಗೆ ಸವರಿ. ಕಣ್ಣೆದುರೇ ಕಪ್ಪು ಏರುತ್ತದೆ. ಸ್ಟೀಲ್ ನಾರು ಬೇಡ, ತುಕ್ಕು ಹಿಡಿಯುವ ಕಬ್ಬಿಣದ್ದೇ ಬೇಕು. ಡಬ್ಬಿಯ ಮುಚ್ಚಳ ಬಿಗಿಯಬೇಡಿ, ಒಳಗೆ ಗಾಳಿ ಉಕ್ಕುತ್ತದೆ. ಒಪಿನೆಲ್‌ನ ಬೀಚ್ ಕಟ್ಟಿಗೆಯಲ್ಲಿ ಒಗರು ಕಡಿಮೆ. ಅದಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಎರಡು ಸಲ ಸವರಿ ಒಣಗಿಸಿ, ಆಮೇಲೆ ಈ ನೀರು ಹಚ್ಚಿ.

ಹುಣಸೆಯ ಒಳಗಟ್ಟಿ ಇದಕ್ಕಿಂತ ಚಂದ ಕಾಣುತ್ತದೆ. ಕಪ್ಪು ನೇರಳೆ ಬಣ್ಣ ಬೆರೆತ ಕಂದು. ತುಂಬಾ ಗಟ್ಟಿ, ಅರವೂ ಬೇಗ ಸೋಲುತ್ತದೆ. ಹೊರಗಿನ ಬಿಳಿ ಭಾಗ ಮಾತ್ರ ಬೇಡ, ಅದಕ್ಕೆ ಹುಳ ಬೀಳುತ್ತದೆ. ಹಳೆ ಒನಕೆ ಸಿಕ್ಕಿದರೆ ಬಿಡಬೇಡಿ. ಕೈಯಿಂದಲೇ ಕೆಲಸ ಮಾಡುವವರಿಗೆ ಜಾಲಿ ಸಾಕು. ಡ್ರಿಲ್, ಗ್ರೈಂಡರ್ ಇದ್ದವರು ಹುಣಸೆಗೆ ಕೈ ಹಾಕಬಹುದು.

ಸಾಗವಾನಿ ಮೆದು, ಕೆತ್ತಲು ಸುಲಭ, ಅಳತೆ ಬದಲಾಗುವುದು ತೀರಾ ಕಡಿಮೆ. ಆದರೆ ಅದರಲ್ಲೇ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮೊದಲು ಥಿನ್ನರ್‌ನಿಂದ ಒರೆಸಿ. ಬೀಟೆ ಚೆಲುವಾದ ಕಟ್ಟಿಗೆ, ಆದರೆ ಅದನ್ನು ಕಡಿಯಲು ಅರಣ್ಯ ಇಲಾಖೆಯ ಕಟ್ಟುಪಾಡುಗಳಿವೆ. ಹಳೆ ಮಂಚ, ಹಳೆ ಕುರ್ಚಿಯ ತುಂಡು ಸಿಕ್ಕಿದರೆ ಮಾತ್ರ ಬಳಸಿ. ಇದರ ಪುಡಿ ಮೂಗು, ಚರ್ಮಕ್ಕೆ ಉರಿ ತರುತ್ತದೆ. ಮಾಸ್ಕ್ ಇಲ್ಲದೆ ಉಜ್ಜಬೇಡಿ. ಮಾಸ್ಕ್ ಮಾತು ಎಲ್ಲ ಕಟ್ಟಿಗೆಗೂ ಸೇರಿದ್ದು.

ಕೊಂಬಿನ ಹಿಡಿ ಬೇಕು ಅನ್ನುವವರೂ ಇದ್ದಾರೆ. ಎಮ್ಮೆ ಕೊಂಬು ಪಾಲಿಶ್ ಮಾಡಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಆದರೆ ನಮ್ಮ ಬಿಸಿಲಿಗೆ ಬಾಗುತ್ತದೆ, ಕಪಾಟಿನಲ್ಲಿಟ್ಟರೆ ಹುಳ ತಿನ್ನುತ್ತದೆ. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಜಿಂಕೆ, ಕೃಷ್ಣಮೃಗದ ಕೊಂಬಿನ ಮಾತಂತೂ ಬೇಡವೇ ಬೇಡ. ಬೀದರ್, ಕಲಬುರಗಿಯ ಹೊಲಗಳಲ್ಲಿ ಕೃಷ್ಣಮೃಗ ಓಡಾಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳ ಬೆನ್ನಿಗಿದೆ. ಹೊಲದಲ್ಲಿ ಸಿಕ್ಕ ಕೊಂಬು ಅಂದರೂ ಇಟ್ಟುಕೊಳ್ಳುವ ಹಾಗಿಲ್ಲ.

ಬಟ್ಟೆಯ ಹಿಡಿ ಕೇಳಿದ್ದೀರಾ? ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿ ಅಂಟಿನಲ್ಲಿ ನೆನೆಸಿ ಒತ್ತಿ ಗಟ್ಟಿ ಹಲಗೆ ಮಾಡುವುದು. ಇದಕ್ಕೆ ಮೈಕಾರ್ಟಾ ಅನ್ನುತ್ತಾರೆ. ಬಿಸಿಲಿಗೂ ಜಗ್ಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ತಾಳಿಕೆ ಒಂದನ್ನೇ ನೋಡಿದರೆ ಕಟ್ಟಿಗೆಗಿಂತ ಇದೇ ಮೇಲು. ನಾನು ಅವ್ವನ ಹರಿದ ನೂಲಿನ ಸೀರೆಯಿಂದ ಮಾಡಿದೆ. ಸೀರೆ ತೆಳ್ಳಗಿರುವುದರಿಂದ ಸುಮಾರು 30 ಪದರ ಬೇಕಾಯಿತು. ಜೀನ್ಸ್ ಬಟ್ಟೆಯಾದರೆ ಹತ್ತು ಹನ್ನೆರಡು ಪದರ ಸಾಕು. ಕೆಳಗೊಂದು ಶಹಾಬಾದ ಕಲ್ಲಿನ ಫರಸಿ, ಮೇಲೊಂದು ಫರಸಿ, ನಡುವೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಬಟ್ಟೆ, ಸುತ್ತ ನಾಲ್ಕು ಕ್ಲಾಂಪ್. ಒಂದು ರಾತ್ರಿ ಬಿಟ್ಟು ತೆಗೆದು ಅಂಚು ಉಜ್ಜಿದಾಗ ಸೀರೆಯ ಹಸಿರು, ಕೆಂಪು ಗೆರೆ ಗೆರೆಯಾಗಿ ಎದ್ದು ಬಂದವು. ಅವ್ವ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಎಪಾಕ್ಸಿ ಕಲಸುವುದಕ್ಕೆ ಬೆಳಗಿನ ಜಾವ ಒಳ್ಳೆಯದು. ಮಧ್ಯಾಹ್ನದ ಸೆಕೆಯಲ್ಲಿ ಬಟ್ಟಲಲ್ಲೇ ಬಿಸಿಯಾಗಿ ಗಟ್ಟಿಯಾಗಿಬಿಡುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಕೈಗವಸು ಹಾಕಿ, ಕಿಟಕಿ ತೆರೆದಿಡಿ.

ಬಿದರಿ ಹಾಕಬಹುದಾ?

ಬೀದರ್ ಜಿಲ್ಲೆಯವರು ಇದನ್ನು ಕೇಳದೆ ಬಿಡುವುದಿಲ್ಲ. ಹಾಕಬಹುದು, ಆದರೆ ತಿಳಿದುಕೊಂಡು ಹಾಕಿ.

ಬಿದರಿ ಸತುವು ಮತ್ತು ತಾಮ್ರದ ಬೆರಕೆ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಅದನ್ನು ಮರಳಿನ ಅಚ್ಚಿನಲ್ಲಿ ಎರೆದು, ನುಣುಪು ಮಾಡಿ, ಉಳಿಯಿಂದ ಹೂಬಳ್ಳಿ ಕೊರೆದು, ಆ ಗೆರೆಗೆ ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನಿಂದ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ತಲೆಮಾರುಗಳ ಕೈ ಬೇಕು. ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಕೆಲಸಕ್ಕೇ.

ಹಾಗಾಗಿ ಮನೆಯಲ್ಲಿ ನಮ್ಮ ಪಾಲಿನ ಕೆಲಸ ಅಂದರೆ ಅಳತೆ ಕೊಡುವುದು, ಕೂಡಿಸುವುದು. ಇಡೀ ಪಟ್ಟಿ ಬಿದರಿಯದೇ ಬೇಕಾ, ಕಟ್ಟಿಗೆ ಪಟ್ಟಿಯೊಳಗೆ ಸಣ್ಣ ಬಿದರಿ ಬಿಲ್ಲೆ ಬೇಕಾ? ಲೆಕ್ಕ ಹಾಕಿ ನೋಡಿ. 90 ಮಿಲಿಮೀಟರ್ ಉದ್ದ, 22 ಅಗಲ, 2.5 ದಪ್ಪದ ಪಟ್ಟಿ ಬಿದರಿಯಲ್ಲಿ ಸುಮಾರು 35 ಗ್ರಾಂ ತೂಗುತ್ತದೆ. ಎರಡು ಬದಿಗೆ 70 ಗ್ರಾಂ. ಅದೇ ಅಳತೆಯ ಜಾಲಿ ಪಟ್ಟಿ ನಾಲ್ಕೈದು ಗ್ರಾಂ ಅಷ್ಟೇ. ಜೇಬಿನ ಚಾಕುವಿಗೆ ಸುಮಾರು 60 ಗ್ರಾಂ ಹೆಚ್ಚುವರಿ ಭಾರ ದಿನವಿಡೀ ಜಗ್ಗುತ್ತದೆ. ಮೇಲಾಗಿ ಎರಕದ ಸತುವು ಪೆಡಸು, ಫರಸಿ ನೆಲದ ಮೇಲೆ ಬಿದ್ದರೆ ಮೂಲೆ ಮುಕ್ಕಾಗಬಹುದು. ಬೀಗದ ಕೈ, ಚಿಲ್ಲರೆ ಜೊತೆ ಉಜ್ಜಿ ಉಜ್ಜಿ ಕಪ್ಪೂ ಸವೆಯುತ್ತದೆ.

ಅದಕ್ಕೇ ನಾನು ಬಿಲ್ಲೆಯ ಪಕ್ಷ. ಎಂಟಾಣೆ ನಾಣ್ಯಕ್ಕಿಂತ ಸಣ್ಣ ಬಿಲ್ಲೆ ಮಾಡಿಸಿ, ಕಟ್ಟಿಗೆಯಲ್ಲಿ ಅದರ ಅಳತೆಯ ಗುಳಿ ತೋಡಿ ಎಪಾಕ್ಸಿಯಿಂದ ಕೂಡಿಸಿ. ಕಟ್ಟಿಗೆಗಿಂತ ಕೂದಲೆಳೆಯಷ್ಟು ಕೆಳಗೇ ಕೂರಲಿ, ಆಗ ಉಜ್ಜಾಟ ತಪ್ಪುತ್ತದೆ. ಒಂದು ಎಚ್ಚರ: ಹಿಡಿಗೆ ಪಾಲಿಶ್ ಪೇಪರ್ ಹೊಡೆಯುವುದೆಲ್ಲ ಮುಗಿದ ಮೇಲೇ ಬಿಲ್ಲೆ ಕೂಡಿಸಿ. ಪೇಪರ್ ಒಂದು ಸಲ ತಾಗಿದರೂ ಕೋಟೆ ಮಣ್ಣಿನ ಕಪ್ಪು ಹೋಗುತ್ತದೆ, ಅದನ್ನು ನಾವು ಮತ್ತೆ ತರಲಾರೆವು.

ಅಂಟು, ಪಿನ್, ಪಾಲಿಶ್ ಪೇಪರ್

ಅಂಟಿಗೆ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಐದು ನಿಮಿಷದ್ದು ಬೇಡ, ರಾತ್ರಿಯಿಡೀ ಹಿಡಿಯುವುದನ್ನೇ ತನ್ನಿ. ಬಡಗಿಗಳು ಬಳಸುವ ಬಿಳಿ ಅಂಟು ಕಟ್ಟಿಗೆಗೆ ಕಟ್ಟಿಗೆ ಕೂಡಿಸಲು ಚೆನ್ನ, ಲೋಹಕ್ಕೆ ಹಿಡಿಯುವುದಿಲ್ಲ. ಅಂಟಿನ ಜೊತೆ ಪಿನ್ ಇದ್ದರೆ ಇನ್ನೂ ಭದ್ರ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆಯ ಬೆಸುಗೆ ಕಡ್ಡಿ ಸಿಗುತ್ತದೆ. ಒಂದು ಕಡ್ಡಿಯಲ್ಲಿ ಹತ್ತು ಚಾಕುವಿಗಾಗುವಷ್ಟು ಪಿನ್ ಆಗುತ್ತವೆ.

ಪಟ್ಟಿಯ ಒಳಮೈ ಸಪಾಟಾಗಿರಬೇಕು, ಇಲ್ಲದಿದ್ದರೆ ಯಾವ ಅಂಟೂ ನಿಲ್ಲುವುದಿಲ್ಲ. ಇದಕ್ಕೆ ಬೇರೆ ಊರಿನವರು ಗಾಜಿನ ಹಲಗೆ ಹುಡುಕುತ್ತಾರೆ. ನಮಗೆ ಆ ತಾಪತ್ರಯವಿಲ್ಲ. ಪಾಲಿಶ್ ಮಾಡಿದ ಶಹಾಬಾದ ಫರಸಿಯ ತುಂಡಿಗೆ ಪೇಪರ್ ಅಂಟಿಸಿ, ಅದರ ಮೇಲೆ ಪಟ್ಟಿಯನ್ನು ಉಜ್ಜಿ. ಪೇಪರ್‌ನ ನಂಬರು ಹೆಚ್ಚಿದಷ್ಟೂ ನುಣುಪು. ನಾನು 120ನೇ ನಂಬರಿನಿಂದ ಶುರುಮಾಡಿ 240, 400ರವರೆಗೆ ಹೋಗಿ ನಿಲ್ಲಿಸುತ್ತೇನೆ. ಅದಕ್ಕಿಂತ ನುಣುಪಾದರೆ ಬೆವರಿನ ಕೈಯಲ್ಲಿ ಜಾರುತ್ತದೆ.

ಎಣ್ಣೆ: ಅಡುಗೆಮನೆಯದೆಲ್ಲ ಆಗುವುದಿಲ್ಲ

ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿದವರನ್ನು ನೋಡಿದ್ದೇನೆ. ಮೊದಲ ದಿನ ಹೊಳೆಯುತ್ತದೆ. ಆದರೆ ಇವು ಎಂದೂ ಒಣಗುವುದಿಲ್ಲ. ಧೂಳು ಹಿಡಿಯುತ್ತದೆ, ಅಂಟಂಟಾಗುತ್ತದೆ, ಶೇಂಗಾ ಎಣ್ಣೆಯಂತೂ ಕಮಟು ವಾಸನೆ ಬರುತ್ತದೆ.

ಕಟ್ಟಿಗೆಗೆ ಬೇಕಾದದ್ದು ಗಾಳಿಗೆ ಗಟ್ಟಿಯಾಗುವ ಎಣ್ಣೆ. ಅದು ನಮ್ಮ ಎರಿ ಹೊಲದಲ್ಲೇ ಬೆಳೆಯುತ್ತದೆ. ಅಗಸಿ! ರೊಟ್ಟಿಯ ಜೊತೆ ಹಿಂಡಿ ಮಾಡಿ ತಿನ್ನುವ ಅದೇ ಅಗಸಿ. ಅದರ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗಿ, ಕಟ್ಟಿಗೆಯ ಎಳೆಯೊಳಗೇ ನಿಲ್ಲುತ್ತದೆ. ಕುಸುಬಿ ಎಣ್ಣೆಗೂ ಈ ಗುಣ ಸ್ವಲ್ಪ ಇದೆ, ಆದರೆ ಅಗಸಿಗಿಂತ ಬಹಳ ನಿಧಾನ. ಬಣ್ಣ ಹಳದಿಗೆ ತಿರುಗುವುದು ಮಾತ್ರ ಕುಸುಬಿಯಲ್ಲಿ ಕಡಿಮೆ. ತಿಳಿ ಬಣ್ಣದ ಕಟ್ಟಿಗೆ ತಿಳಿಯಾಗೇ ಉಳಿಯಬೇಕು ಅಂದರೆ ಕುಸುಬಿ ಹಚ್ಚಿ ತಿಂಗಳುಗಟ್ಟಲೆ ಕಾಯಿರಿ. ಜಾಲಿ, ಹುಣಸೆ, ಸಾಗವಾನಿಗೆ ಅಗಸಿಯೇ.

ಗಾಣದ ಹಸಿ ಅಗಸಿ ಎಣ್ಣೆ ಒಣಗಲು ವಾರಗಳು ಬೇಕು. ಪೇಂಟ್ ಅಂಗಡಿಯಲ್ಲಿ ಸಿಗುವ 'ಬಾಯಿಲ್ಡ್' ಅಗಸಿ ಎಣ್ಣೆ ಒಂದೆರಡು ದಿನದಲ್ಲಿ ಒಣಗುತ್ತದೆ, ಆದರೆ ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ. ಹಣ್ಣು ಹೆಚ್ಚುವ ಚಾಕುವಿಗೆ ನಾನು ಹಸಿ ಎಣ್ಣೆಯನ್ನೇ ಆರಿಸುತ್ತೇನೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಹೆಚ್ಚಾದದ್ದನ್ನೆಲ್ಲ ಒರೆಸಿ ತೆಗೆಯಿರಿ. ದಪ್ಪ ಬಳಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಹೀಗೆ ನಾಲ್ಕೈದು ಸಲ, ಮೇಲೊಂದು ಸಲ ಜೇನುಮೇಣ.

ಒರೆಸಿದ ಅರಿವೆಯ ಬಗ್ಗೆ ದಯವಿಟ್ಟು ಹುಷಾರು. ಅಗಸಿ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಕೂಡಿ ತಾನಾಗೇ ಬೆಂಕಿ ಹತ್ತಬಹುದು. ನಮ್ಮ ಬೇಸಿಗೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಕೆಲಸ ಮುಗಿದ ಕೂಡಲೇ ನೀರಿನ ಬಕೆಟ್‌ನಲ್ಲಿ ಅದ್ದಿ, ಆಮೇಲೆ ಅಂಗಳದಲ್ಲಿ ಬಿಚ್ಚಿ ಒಣಹಾಕಿ.

ಅಲಗಿಗೆ ಬಣ್ಣ, ಅಲಗಿಗೆ ಸಾಣೆ

ಅಲಗು ಸ್ಟೇನ್‌ಲೆಸ್ ಆಗಿದ್ದರೆ ಬಣ್ಣದ ಆಸೆ ಬಿಡಿ, ಹುಳಿ ಅದನ್ನು ಮುಟ್ಟುವುದಿಲ್ಲ. ಸಾದಾ ಉಕ್ಕಿನ ಒಪಿನೆಲ್ ಅಥವಾ ಜಾತ್ರೆ ಚಾಕುವಾದರೆ ಹುಳಿಯಿಂದ ಬೂದು ಬಣ್ಣದ ಪೊರೆ ತರಿಸಬಹುದು. ಆ ಪೊರೆ ಇದ್ದರೆ ಕೆಂಪು ತುಕ್ಕು ಹಿಡಿಯುವುದು ಕಡಿಮೆಯಾಗುತ್ತದೆ. ಬಿಸಿ ವಿನೆಗರ್‌ನಲ್ಲಿ ಕಾಲು ಗಂಟೆ ಅದ್ದಿದರೆ ಒಂದೇ ಸಮನೆ ಬೂದು ಬರುತ್ತದೆ. ಹುಣಸೆ ಹುಳಿ ಬಳಿದರೆ ಮೋಡದ ಹಾಗೆ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತಿಳಿ. ನನಗೆ ಹುಣಸೆಯದೇ ಇಷ್ಟ. ಯಾವುದಾದರೂ ಆಮೇಲೆ ಅಡಿಗೆ ಸೋಡಾ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಸವರಿ. ಏನೂ ಮಾಡದೆ ದಿನಾ ರೊಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರೂ ಎರಡು ತಿಂಗಳಲ್ಲಿ ಬಣ್ಣ ತಾನಾಗೇ ಬರುತ್ತದೆ. ಅವಸರ ಇಲ್ಲದವರಿಗೆ ಅದೇ ಚಂದ.

ಸಾಣೆಗೆ ಬೀದಿಯ ಚಕ್ರ ಬೇಡ. ವೇಗವಾಗಿ ತಿರುಗುವ ಒಣ ಕಲ್ಲಿಗೆ ತೆಳ್ಳನೆಯ ಅಲಗು ತಾಗಿದರೆ ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿತು ಅಂದರೆ ಶಾಖ 300 ಡಿಗ್ರಿಯ ಹತ್ತಿರ ಹೋಗಿದೆ, ಉಕ್ಕಿನ ಹದ ಕೆಟ್ಟಿದೆ ಅಂತಲೇ ಅರ್ಥ. ಎರಡು ಬದಿಯ ನೀರುಗಲ್ಲು ತನ್ನಿ, ಒಂದು ಬದಿ 400 ನಂಬರಿನದು, ಇನ್ನೊಂದು 1000ದ್ದು. ಓರೆ 20 ಡಿಗ್ರಿಯ ಆಸುಪಾಸು ಇರಲಿ. ಕಾಗದದ ಮೂಲೆಯನ್ನು ಎರಡು ಸಲ ಮಡಚಿದರೆ 22.5 ಡಿಗ್ರಿ ಬರುತ್ತದೆ. ಅದನ್ನು ಕಲ್ಲಿನ ಪಕ್ಕ ಇಟ್ಟುಕೊಂಡರೆ ಕೈಗೆ ಅಂದಾಜು ಸಿಗುತ್ತದೆ.

ಲಾಕ್ ಮುಟ್ಟಬೇಡಿ

ಒಳಗಿನ ತಗಡೇ ಬಾಗಿ ಅಲಗಿನ ಹಿಂಭಾಗಕ್ಕೆ ಆಸರೆ ಕೊಡುವ ಲಾಕ್ ಇರುವ ಚಾಕು ನನ್ನ ಬಳಿ ಒಂದಿತ್ತು. ತೆರೆದಾಗ ಸ್ವಲ್ಪ ಅಂಟಿಕೊಳ್ಳುತ್ತಿತ್ತು. ನುಣುಪಾಗಲಿ ಅಂತ ಆ ತಗಡಿನ ತುದಿಯನ್ನು ಅರದಿಂದ ನಾಲ್ಕು ಸಲ ಉಜ್ಜಿದೆ. ನಾಲ್ಕೇ ಸಲ. ಮಾರನೆಯ ದಿನ ತೊಗರಿ ಚೀಲದ ಸುತಳಿ ಕೊಯ್ಯುವಾಗ ಲಾಕ್ ಜಾರಿ ಅಲಗು ತೋರುಬೆರಳ ಮೇಲೆ ಮಡಚಿತು. ಮೂರು ಹೊಲಿಗೆ ಬಿತ್ತು. ಅಲಗು ಮತ್ತು ತಗಡು ಸೇರುವ ಆ ಮೈಯ ಓರೆ ಕೂದಲೆಳೆಯಷ್ಟು ಬದಲಾದರೂ ಹಿಡಿತ ಹೋಗುತ್ತದೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅಲ್ಲಿಗೆ ಎಣ್ಣೆಯನ್ನೂ ಹಾಕಬಾರದು. ಹೊಸ ಹಿಡಿ ಹಾಕಿದ ಮೇಲೆ ಲಾಕ್ ಪೂರ್ತಿ ಕೂರುತ್ತದಾ ನೋಡಿ. ಅಲಗಿನ ಬೆನ್ನನ್ನು ಕಟ್ಟಿಗೆಗೆ ಮೆಲ್ಲಗೆ ಒತ್ತಿ ಪರೀಕ್ಷಿಸಿ, ಬೆರಳು ದಾರಿಯಲ್ಲಿ ಇರಬಾರದು. ಹೊಸ ಪಟ್ಟಿಯ ಅಂಚು ಲಾಕ್ ತಗಡಿಗೆ ಅಡ್ಡ ಬರುತ್ತಿದ್ದರೆ ಪಟ್ಟಿಯನ್ನು ಉಜ್ಜಿ, ತಗಡನ್ನಲ್ಲ.

ಗುಂಡಿ ಒತ್ತಿದರೆ ಚಿಮ್ಮುವ ಹಾಗೆ ಸ್ಪ್ರಿಂಗ್ ಹಾಕುವ ಆಲೋಚನೆಯೂ ಬೇಡ. ಜೇಬಿನಲ್ಲೇ ತೆರೆದುಕೊಂಡರೆ ಏನು ಗತಿ? ಪೊಲೀಸರ ಕಣ್ಣಿಗೂ ಅದು ಹಣ್ಣು ಹೆಚ್ಚುವ ಚಾಕುವಾಗಿ ಕಾಣುವುದಿಲ್ಲ. ಮಡಚುವ ಸಣ್ಣ ಚಾಕುವನ್ನೂ ಕೋರ್ಟು, ಜಾತ್ರೆ, ಉರುಸಿನ ಗದ್ದಲಕ್ಕೆ ಒಯ್ಯದೆ ಮನೆಯಲ್ಲಿಡಿ. ವಿಮಾನದಲ್ಲಿ ಹೊರಟಿದ್ದರೆ ಕೈಚೀಲದಲ್ಲಿ ಬೇಡ, ಒಪ್ಪಿಸುವ ಸಾಮಾನಿನಲ್ಲಿ ಹಾಕಿ.

ಕೀಲು ಮತ್ತು ಎರಿ ಮಣ್ಣು

ಎರಿ ಮಣ್ಣಿನ ಧೂಳು ನುಣ್ಣಗೆ ಹಿಟ್ಟಿನ ಹಾಗೆ. ಕೀಲಿಗೆ ಎಣ್ಣೆ ಜಾಸ್ತಿ ಬಿಟ್ಟರೆ ಅದರ ಜೊತೆ ಸೇರಿ ಕೆಸರಾಗುತ್ತದೆ. ಹೊಲದಲ್ಲಿ ಬಳಸುವವರು ಎಣ್ಣೆ ಬಿಟ್ಟು ಪೆನ್ಸಿಲ್ ಸೀಸದ ಪುಡಿ ಹಾಕಿ ನೋಡಿ, ಒಣ ಪುಡಿಗೆ ಧೂಳು ಹತ್ತುವುದಿಲ್ಲ. ಮನೆಯಲ್ಲೇ ಬಳಸುವವರಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಒಂದು ಹನಿ. ಕೊಬ್ಬರಿ ಎಣ್ಣೆ ಬೇಡ, ಡಿಸೆಂಬರ್ ಬೆಳಗಿನ ಚಳಿಗೆ ಕೀಲಿನೊಳಗೇ ಹೆಪ್ಪುಗಟ್ಟುತ್ತದೆ.

ಹೊಸ ಹಿಡಿಗೆ ಮೊದಲ ಮಳೆಗಾಲವೇ ಪರೀಕ್ಷೆ. ಜುಲೈ ಕೊನೆಗೆ ಒಮ್ಮೆ ಪಟ್ಟಿಯ ಅಂಚನ್ನು ಉಗುರಿನಿಂದ ಸವರಿ ನೋಡಿ. ತಗಡಿಗಿಂತ ಕಟ್ಟಿಗೆ ಹೊರಗೆ ಬಂದಿದ್ದರೆ ಕೂಡಲೇ ಉಜ್ಜಬೇಡಿ, ದಸರಾವರೆಗೆ ಬಿಡಿ. ಎಷ್ಟೋ ಸಲ ಅದು ತಾನಾಗೇ ಒಳಗೆ ಸರಿಯುತ್ತದೆ. ಆಮೇಲೂ ಉಳಿದಿದ್ದರೆ 400ರ ಪೇಪರ್‌ನಿಂದ ಎರಡು ಸಲ ಉಜ್ಜಿ, ಮತ್ತೊಮ್ಮೆ ಅಗಸಿ ಎಣ್ಣೆ ಹಚ್ಚಿ.